ಬಂದರು, ಬಿಟ್ಟ, ಕುಡಿದ

ಅಡುಗೆಮನೆಯ ಬಾಗಿಲಿನ ಹಿಂಬದಿಗೆ ಕಪ್ಪು ಬಣ್ಣ ಬಳಿದು ಹಲಗೆ ಮಾಡಿಕೊಂಡಿದ್ದರು. ದಿನಾ ತಿಂಡಿಯ ತಟ್ಟೆ ತೊಳೆದಾದ ಮೇಲೆ ಅಮ್ಮ ಅದರ ಮೇಲೆ ಬೇಕೆಂದೇ ತಪ್ಪು ತಪ್ಪಾಗಿ ಒಂದೆರಡು ಸಾಲು ಬರೆಯುತ್ತಿದ್ದಳು. ಹೆಣ್ಣುಮಕ್ಕಳಿಬ್ಬರೂ ಕೆಂಪು ಸೀಮೆಸುಣ್ಣ ಹಿಡಿದು ತಿದ್ದಬೇಕು. ತಿದ್ದಿದರೆ ಸಾಲದು, ಕಾರಣವನ್ನೂ ಹೇಳಬೇಕು; ಕಾರಣ ಹೇಳದ ತಿದ್ದುಪಡಿ ಲೆಕ್ಕಕ್ಕಿಲ್ಲ. ಮುದ್ರಣಾಲಯದ ಕರಡು ತಿದ್ದಿ ತಿದ್ದಿ ಕಣ್ಣು ಸವೆಸಿಕೊಂಡವಳಿಗೆ ವ್ಯಾಕರಣ ಕಲಿಸಲು ಬೇರೆ ದಾರಿ ತೋಚಿರಲಿಲ್ಲ. ಊರು ಬದಲಾದ ವರ್ಷ ದೊಡ್ಡವಳಿಗೆ ಹೊಸ ಶಾಲೆ ಹಿಡಿಸಲಿಲ್ಲ. ಸ್ವಲ್ಪ ದಿನ ಇಬ್ಬರೂ ಮನೆಯಲ್ಲೇ ಓದಲಿ ಎಂದದ್ದು ಹಾಗೆಯೇ ಬೇರೂರಿಬಿಟ್ಟಿತ್ತು.

ಊರು ಬದಲಾದದ್ದು ಅಮ್ಮ ಮತ್ತೆ ಮದುವೆಯಾದದ್ದರಿಂದ. ಈ ಗಂಡ ಫ್ಯಾನು, ಮೋಟಾರುಗಳಿಗೆ ತಂತಿ ಸುತ್ತುವವನು. ಕೈತುಂಬ ಗ್ರೀಸು, ಬಾಯಿತುಂಬ ತಮಾಷೆ. ಚಿಕ್ಕವಳು ವಾರ ಕಳೆಯುವುದರೊಳಗೆ ಅವನ ಹೆಗಲೇರಿ ಕೂತಿದ್ದಳು. "ಅಪ್ಪ ಬಂದ, ಅಪ್ಪ ಬಂದ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ದೊಡ್ಡವಳು ಮಾತ್ರ ಅವನನ್ನು ಏನೆಂದೂ ಕರೆಯಲಿಲ್ಲ. "ಅವರು ಸ್ನಾನಕ್ಕೆ ಹೋಗಿದಾರೆ." "ನೀವು ಡಬ್ಬಿ ತಗೊಳ್ಳಿ." ಎಷ್ಟು ಮರ್ಯಾದೆಯ ಹುಡುಗಿ ಎಂದು ಪಕ್ಕದ ಮನೆಯಾಕೆ ಹೊಗಳಿದಾಗಲೆಲ್ಲ ಅಮ್ಮನ ಎದೆ ಚುರುಕ್ ಎನ್ನುತ್ತಿತ್ತು. ತೀರಿಕೊಂಡ ಅಪ್ಪನನ್ನು ಇದೇ ಮಗಳು ಹೋಗು, ಬಾ ಎಂದು ಏಕವಚನದಲ್ಲೇ ಕರೆಯುತ್ತಿದ್ದುದನ್ನು ಅವಳು ಮರೆತಿರಲಿಲ್ಲ.

ಅದಕ್ಕೇ ಹಲಗೆಯ ಮೇಲೆ ಕಾಗೆ, ಬಕೆಟ್ಟು, ಪೋಸ್ಟಿನವನು ಎಲ್ಲ ಬಂದು ಹೋಗುತ್ತಿದ್ದರೇ ಹೊರತು 'ಅಪ್ಪ' ಎಂಬ ಪದದ ತಂಟೆಗೆ ಅಮ್ಮ ಹೋಗುತ್ತಿರಲಿಲ್ಲ. ಆದರೆ ನಿನ್ನೆ ಗಿರಾಕಿಯೊಬ್ಬ ಬಾಗಿಲಿಗೆ ಬಂದು, "ಅಪ್ಪ ಇದಾರಾ ಮರಿ?" ಎಂದಾಗ ದೊಡ್ಡವಳು, "ಅವರು ಕೈ ತೊಳೀತಿದಾರೆ" ಅಂದಿದ್ದಳು. ಬಚ್ಚಲಲ್ಲಿ ಗಂಡ ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಸುಮ್ಮನೆ ನಿಂತದ್ದನ್ನು ಅಮ್ಮ ನೋಡಿದ್ದಳು.

ಇವತ್ತು ಅವಳು ಗಟ್ಟಿ ಮನಸ್ಸು ಮಾಡಿ ಬರೆದಳು: 'ಅಪ್ಪ ಬಂದರು. ಚಪ್ಪಲಿ ಬಿಟ್ಟ. ನೀರು ಕುಡಿದ. ನಮ್ಮ ಜೊತೆ ಕೂತ.'

ಬರೆದ ಮೇಲೆ ಒರೆಸುವ ಬಟ್ಟೆ ಕೈಗೆತ್ತಿಕೊಂಡಳು. ಅಳಿಸಿಬಿಡಲೇ? ಪಕ್ಕದ ಕೋಣೆಯಲ್ಲಿ ಗಂಡ ಕೆಲಸಕ್ಕೆ ಹೊರಡುವ ತಯಾರಿಯಲ್ಲಿದ್ದ. ಅಲ್ಲಿಗೆ ಎಲ್ಲ ಕೇಳಿಸುತ್ತದೆ.

"ಇಷ್ಟೇನಾ!" ಚಿಕ್ಕವಳು ಜಿಗಿದು ಬಂದಳು. "ಬಿಟ್ಟರು, ಕುಡಿದರು, ಕೂತರು. ಒಂದ್ಸಲ 'ರು' ಹಾಕಿದ್ರೆ ಕೊನೇವರೆಗೂ 'ರು'. ಕಾರಣಾನೂ ಹೇಳ್ಬಿಟ್ಟೆ!"

"ಮೊದಲನೇ 'ರು' ಅಳಿಸಿದ್ರೂ ಆಗುತ್ತೆ," ಅಮ್ಮ ಹಲಗೆಯ ಕಡೆಗೇ ಮುಖ ಮಾಡಿ ಅಂದಳು. "ಯಾವುದಾದ್ರೂ ಒಂದು. ಅಕ್ಕ ಹೇಳ್ಲಿ."

ದೊಡ್ಡವಳು ಸಾಲನ್ನು ಓದಿದಳು. ಮತ್ತೊಮ್ಮೆ ಓದಿದಳು. "ತಪ್ಪಿಲ್ಲ," ಅಂದಳು.

"ಅಯ್ಯೋ, ಅಕ್ಕಂಗೆ ಕಣ್ಣೇ ಕಾಣಲ್ಲ!"

"ಸುಮ್ನಿರೇ ಬಾಯಿಬಡುಕಿ."

"ಕಾರಣ?" ಅಮ್ಮ ಕೇಳಿದಳು.

"ಬಂದಾಗ ಯಾರು ಏನು ಅಂತ ಗೊತ್ತಿರ್ಲಿಲ್ಲ ಅಲ್ವಾ, ಅದಕ್ಕೆ ಬಂದರು." ದೊಡ್ಡವಳು ಸೀಮೆಸುಣ್ಣವನ್ನು ಅಂಗೈಯಲ್ಲಿ ಉರುಳಿಸುತ್ತಿದ್ದಳು. "ಚಪ್ಪಲಿ ಬಿಟ್ಟು, ನೀರು ಕುಡಿದು, ನಮ್ ಜೊತೆ ಕೂತ್ಮೇಲೂ ಹಂಗೇ ಅಂತಿದ್ರೆ ಚೆನ್ನಾಗಿರಲ್ಲ."

ಕರಡಿನಲ್ಲಿ ಒಂದು ಅಲ್ಪವಿರಾಮವನ್ನೂ ಬಿಟ್ಟುಕೊಡದ ಅಮ್ಮ ಒರೆಸುವ ಬಟ್ಟೆಯನ್ನು ಕೆಳಗಿಟ್ಟಳು. "ಸರಿ," ಅಂದಳು. "ಹಾಗೇ ಇರ್ಲಿ."

"ಮೋಸ!" ಎಂದು ಚಿಕ್ಕವಳು ಕಾಲು ಅಪ್ಪಳಿಸಿದಳು.

ಗಂಡ ಹೊಸ್ತಿಲಲ್ಲಿ ಬಂದು ನಿಂತಿದ್ದ. ಯಾವ ಗಡಿಬಿಡಿಯಲ್ಲಿ ಹಾಕಿಕೊಂಡನೋ, ಅಂಗಿಯ ಗುಂಡಿಗಳೆಲ್ಲ ಒಂದೊಂದು ಕಾಜಾ ತಪ್ಪಿ ಕೂತಿದ್ದವು. "ಹಂಗಾದ್ರೆ ಈಗ ನಾನು ಹೊರಟನೋ, ಹೊರಟರೋ?" ಅಂದ.

ದೊಡ್ಡವಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಹಿಂಗೇ ಹೋಗ್ತೀಯಾ? ಬಾ ಇಲ್ಲಿ," ಅಂದಳು.

ಅವನು ಬಂದು ಮಂಡಿಯೂರಿದ. ಅವಳು ತುಟಿ ಬಿಗಿದುಕೊಂಡು, ಮೇಲಿನಿಂದ ಒಂದೊಂದೇ ಗುಂಡಿ ಬಿಚ್ಚಿ ಹಾಕತೊಡಗಿದಳು.