ಸಾಕು ಎನ್ನುವ ಬಟ್ಟಲು

"ಇನ್ನೊಂದ್ಸಲ, ಹಾಜಿ. ಮಿಸ್ ಬರೋದ್ರೊಳಗೆ ಒಂದೇ ಒಂದ್ಸಲ," ಎಂದು ದೀಮಾ ಹಿಡಿಯಿಲ್ಲದ ಪುಟ್ಟ ಕಾಫಿ ಬಟ್ಟಲನ್ನು ಮುದುಕರ ಬಲಗೈ ಬೆರಳುಗಳ ನಡುವೆ ಸಿಕ್ಕಿಸಿದಳು.

"ನಿನ್ನೆಯಿಂದ್ಲೂ ಇದನ್ನೇ ಹೇಳ್ತಿದೀಯ. ನಿನ್ನ ಒಂದ್ಸಲಕ್ಕೆ ಕೊನೆ ಅನ್ನೋದಿದ್ಯಾ, ಮಗಳೇ?" ಎಂದು ಅಬು ಮುತ್ಲಕ್ ಗೊಣಗಿದರು. ಲಕ್ವ ಹೊಡೆದ ಮೇಲೆ ಅವರ ಮಾತು ತುಸು ತೊದಲುತ್ತಿತ್ತು, ಗತ್ತು ಮಾತ್ರ ಇಳಿದಿರಲಿಲ್ಲ. ಬೆರಳುಗಳು ಬಟ್ಟಲನ್ನು ಹಿಡಿದವು. ಮಣಿಕಟ್ಟು ಕೊರಡಿನ ಹಾಗೆ ಕದಲದೆ ಉಳಿಯಿತು.

ದೀಮಾಳದು ನರ್ಸಿಂಗ್ ಓದಿನ ಕೊನೆಯ ವರ್ಷ, ಇವತ್ತು ವಾರ್ಡಿನ ಪರೀಕ್ಷೆ. ಇದರಲ್ಲಿ ಬಿದ್ದರೆ ವರ್ಷವೆಲ್ಲ ಮತ್ತೆ ಮೊದಲಿನಿಂದ. ಹೆದರಿಕೆ ಇರಲಿಲ್ಲವೆಂದಲ್ಲ. ಆದರೆ ಹಬ್ಬದ ಬೆಳಿಗ್ಗೆ ಹೊಸ ಬಟ್ಟೆ ಉಟ್ಟ ಮಕ್ಕಳ ಹಾಗೆ ಅವಳ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನಿನ್ನೆ ಸಂಜೆ ಆ ಮಣಿಕಟ್ಟು ಕೂದಲೆಳೆಯಷ್ಟು ಅಲುಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಮುದುಕರನ್ನು ಅವಳ ಪಾಲಿಗೆ ಒಪ್ಪಿಸಿದಾಗ ಅವರ ರಕ್ತದೊತ್ತಡ ಇಳಿಯುತ್ತಿರಲಿಲ್ಲ, ರಾತ್ರಿ ನಿದ್ದೆಯೂ ಬರುತ್ತಿರಲಿಲ್ಲ. ಏನು ಕಾರಣವೆಂದು ನೋಡಲು ನೆಂಟರು ಬರುವ ಹೊತ್ತಿಗೆ ಅವಳೂ ಮೂಲೆಯಲ್ಲಿ ಕೂತಳು. ಕರಕ್‌ ಪಟ್ಟಣದ ಆಚೆಯ ಮರಳುಸೀಮೆಯಿಂದ ಕುಲದವರೆಲ್ಲ ಬಂದು ಹಾಸಿಗೆಯ ಸುತ್ತ ನೆರೆದರು. ಮಗ ಮುತ್ಲಕ್ ಎಡಗೈಯಲ್ಲಿ ಕಾಫಿ ಪಾತ್ರೆ ಹಿಡಿದು ನಿಂತು ಒಬ್ಬೊಬ್ಬರಿಗೇ ಬಗ್ಗಿಸಿ ಬಲಗೈಯಿಂದ ಕೊಟ್ಟ. ಕುಡಿದವರು ಬಟ್ಟಲನ್ನು ಬಲಗೈಯಲ್ಲಿ ಒಂದೆರಡು ಸಲ ಅಲ್ಲಾಡಿಸಿ ಹಿಂದಕ್ಕೆ ಕೊಟ್ಟರು, ಸಾಕು ಎಂದು. ಅಪ್ಪ ಮಾತ್ರ ಅಲ್ಲಾಡಿಸದೆ ಹಾಗೇ ನೀಡಿದರು. ಮಗ ಮತ್ತೆ ಬಗ್ಗಿಸಿದ. ಅವರು ಕುಡಿದರು, ಮತ್ತೆ ಹಾಗೇ ನೀಡಿದರು. ಬಟ್ಟಲು ಅಲ್ಲಾಡದೆ ಬಂದರೆ ಇನ್ನೂ ಬೇಕೆಂದೇ ಅರ್ಥ, ತುಂಬಿಸದೆ ಬಿಡುವ ಮಗ ಆ ಸೀಮೆಯಲ್ಲಿ ಹುಟ್ಟಿಲ್ಲ.

ನೆಂಟರು ಎದ್ದುಹೋದ ಮೇಲೆ ಅವಳು ಹತ್ತಿರ ಬಗ್ಗಿ ಕೇಳಿದಳು: "ಬೇಡ ಅಂತ ಬಾಯಲ್ಲಿ ಹೇಳ್ಬಾರ್ದಾ, ಹಾಜಿ?"

"ಕುಲದೋರ ಮುಂದೆ? ನನ್ನ ಕೈ ಸತ್ತಿದೆ ಅಂತ ಡಂಗುರ ಹೊಡೀಲಾ?"

"ಎಡಗೈಯಲ್ಲಿ ಅಲ್ಲಾಡಿಸಿದ್ರೆ?"

ಅವರು ಮುಖವನ್ನೇ ತಿರುಗಿಸಿಬಿಟ್ಟರು.

ದೀಮಾ ಮುತ್ಲಕ್‌ನನ್ನು ಹೊರಗೆ ಕರೆದು ಗುಟ್ಟಾಗಿ ವಿಷಯ ತಿಳಿಸಿ, ಬಗ್ಗಿಸುವುದು ಹನಿಯಷ್ಟೇ ಇರಲಿ ಎಂದಳು. "ಅಯ್ಯೋ, ಅಪ್ಪಂಗೆ ಕಾಫಿ ಆಸೆ ಹೆಚ್ಚಾಗಿದೆ ಅಂದ್ಕೊಂಡು ನಾನೇ ಸುರಿದೂ ಸುರಿದೂ..." ಎಂದು ಅವನು ಹಣೆ ಚಚ್ಚಿಕೊಂಡ. ನಾಲ್ಕಾರು ದಿನಗಳಲ್ಲೇ ಒತ್ತಡ ಇಳಿಯಿತು, ನಿದ್ದೆಯೂ ಹತ್ತಿತು. ಅಲ್ಲಿಗೆ ಮುಗಿಯಿತೆಂದು ಬಿಡಬಹುದಿತ್ತು. ಆದರೆ ಮಿಸ್ ಇನ್‌ಶಿರಾಹ್ ಪಾಠದಲ್ಲಿ ಹೇಳಿದ್ದ ಮಾತು ಅವಳನ್ನು ಬಿಡಲಿಲ್ಲ. "ರೋಗಿ ಕೈಲಾಗದ್ದನ್ನ ನೀವು ಮಾಡಿ. ಅವರ ಕೈಲಾಗೋದನ್ನ ಅವರಿಂದ ಕಿತ್ಕೋಬೇಡಿ." ಎಲ್ಲರೂ ಅದನ್ನು ಬಾಯಿಪಾಠ ಮಾಡಿದ್ದರು. ದೀಮಾಳಿಗೆ ಅದು ಈಗ ಆ ಬಟ್ಟಲಿನಲ್ಲಿ ಕಾಣತೊಡಗಿತು. ಉಳಿದವರು ಪರೀಕ್ಷೆಗಾಗಿ ತಮ್ಮ ರೋಗಿಗೆ ಚಮಚ ಹಿಡಿಯುವುದು, ಗುಂಡಿ ಹಾಕುವುದು ಎಂದು ಗುರಿ ಬರೆದರೆ, ಇವಳು 'ತನ್ನ ಕೈಯಿಂದಲೇ ಸಾಕು ಎನ್ನುವುದು' ಎಂದು ಬರೆದಳು.

"ನರ್ಸ್ ಆಗ್ತೀಯೋ, ಕಾಫಿ ಹೋಟ್ಲು ಇಡ್ತೀಯೋ?" ಎಂದು ಗೆಳತಿಯರು ಆಡಿಕೊಂಡಿದ್ದರು.

ಮಿಸ್ ಇನ್‌ಶಿರಾಹ್ ಬಂದೇಬಿಟ್ಟರು. ಬರೆದದ್ದನ್ನು ಓದಿ ಕನ್ನಡಕ ಮೇಲಕ್ಕೆ ಸರಿಸಿದರು. "ಬಟ್ಟಲು ಅಲ್ಲಾಡಿಸೋದು ಗುರಿಯಾ?"

"ಹೌದು, ಮಿಸ್."

"ಎಲ್ಲಿ, ತೋರಿಸು."

ಹಾಸಿಗೆಯ ಪಕ್ಕ ಪಾತ್ರೆ ಹಿಡಿದು ನಿಂತಿದ್ದ ಮುತ್ಲಕ್ ಒಂದು ಹನಿ ಬಗ್ಗಿಸಿದ. ಅಬು ಮುತ್ಲಕ್ ಕುಡಿದು ಬಟ್ಟಲನ್ನು ಮುಂದೆ ಚಾಚಿದರು. ಬಟ್ಟಲು ಅಲ್ಲಾಡಿತು! ಒಂದಲ್ಲ, ಎರಡು ಸಲ, ಧಾರಾಳವಾಗಿ. ಮಿಸ್ ನಕ್ಕು ಪೆನ್ನು ತೆಗೆದರು. ದೀಮಾಳ ಬಾಯಿಂದ ಇನ್ನೇನು ಕೇಕೆ ಹೊರಡಬೇಕು, ಅಷ್ಟರಲ್ಲಿ ಕಂಡಿತು: ಹೊದಿಕೆಯ ಅಂಚಿನಡಿ ಮುತ್ಲಕ್‌ನ ಕೈ ಅಪ್ಪನ ಮೊಣಕೈ ಹಿಡಿದಿತ್ತು. ಅವನು ಅವಳಿಗೆ ಮೆಲ್ಲಗೆ ಕಣ್ಣು ಮಿಟುಕಿಸಿದ.

ಪೆನ್ನು ಕಾಗದಕ್ಕೆ ತಾಗಿತು. ದೀಮಾ ಒಂದು ಹೆಜ್ಜೆ ಮುಂದೆ ಬಂದಳು.

"ಬರೀಬೇಡಿ, ಮಿಸ್. ಅದು ಹಾಜಿ ಮಾಡಿದ್ದಲ್ಲ. ಅವ್ರಿಗಿನ್ನೂ ಬಂದಿಲ್ಲ."

"ಹುಚ್ಚಿ! ನಿನಗೋಸ್ಕರ ತಾನೇ ಮಾಡಿದ್ದು, ಸುಮ್ನಿರಬಾರ್ದಾ ತಂಗಿ?" ಎಂದ ಮುತ್ಲಕ್.

"ಮುತ್ಲಕ್!" ಮುದುಕರ ದನಿಗೆ ಪಕ್ಕದ ಹಾಸಿಗೆಯವರೂ ಎದ್ದು ಕೂತರು. "ನನ್ನನ್ನ ಗೊಂಬೆ ಮಾಡಿ ಆಡಿಸ್ತೀಯಾ? ಬಾಗ್ಲ ಹತ್ರ ಹೋಗಿ ನಿಂತ್ಕೋ. ಕೈ ಎರಡೂ ಹಿಂದೆ ಕಟ್ಕೊಂಡು!"

ನಲವತ್ತು ದಾಟಿದ ಮಗ ಶಾಲೆಯ ಹುಡುಗನಂತೆ ಹೋಗಿ ನಿಂತ.

ಮಿಸ್ ದೀಮಾಳನ್ನೇ ನೋಡಿದರು. "ಗುರಿ ಮುಟ್ಟಿಲ್ಲ ಅಂತ ಬರೀಲಾ?"

"ಬರೀರಿ, ಮಿಸ್."

"ನಿಲ್ಲಮ್ಮ," ಎಂದರು ಅಬು ಮುತ್ಲಕ್. "ನನ್ನ ಹತ್ರ ಬಂದೋರು ಕಾಫಿ ಕುಡೀದೇ ಪೆನ್ನು ಹಿಡಿಯೋದುಂಟಾ?"

ದೀಮಾ ಬಗ್ಗಿಸಿ ಕೊಟ್ಟಳು. ಮಿಸ್ ಕುಡಿದರು, ಬಟ್ಟಲು ಅಲ್ಲಾಡಿಸಿದರು. ಆಮೇಲೆ ಏನನ್ನಿಸಿತೋ, ಪೆನ್ನು ಜೇಬಿಗಿಟ್ಟು ಪಾತ್ರೆಯನ್ನು ತಾವೇ ಎಡಗೈಗೆ ತೆಗೆದುಕೊಂಡರು. ಮುದುಕರಿಗೆ ಹನಿ ಬಗ್ಗಿಸಿ ಕೊಟ್ಟರು. ಅವರು ಕುಡಿದು ಬಟ್ಟಲು ಚಾಚಿದರು. ಅದು ಕದಲಲಿಲ್ಲ. ಮಿಸ್ ಮತ್ತೆ ಹನಿ ಬಗ್ಗಿಸಿದರು.

ದೀಮಾ ತನ್ನೆರಡು ಕೈಗಳನ್ನೂ ಕೋಟಿನ ಜೇಬಿನಲ್ಲಿ ಬಿಗಿಯಾಗಿ ಅದುಮಿಟ್ಟುಕೊಂಡಳು. ಓದಿದ್ದರಲ್ಲೆಲ್ಲ ಇದಕ್ಕಿಂತ ಕಷ್ಟದ್ದು ಯಾವುದೂ ಇರಲಿಲ್ಲ.

ಅಬು ಮುತ್ಲಕ್ ಕುಡಿದರು. ಹಣೆಯ ಮೇಲೆ ಬೆವರು ಮೂಡಿತ್ತು. ಬಟ್ಟಲು ಮುಂದೆ ಬಂತು. ಪಾತ್ರೆಯ ಉದ್ದ ಮೂತಿ ಅದರತ್ತ ಬಾಗತೊಡಗಿತು. ಆಗ ಬಟ್ಟಲು ಒಂದಿಷ್ಟೇ ಇಷ್ಟು ಓಲಾಡಿತು. ತಡೆದು, ಇನ್ನೊಮ್ಮೆ.

ಬಾಗಿದ್ದ ಮೂತಿ ಮೆಲ್ಲಗೆ ಮೇಲೆದ್ದಿತು. ಅದರ ತುದಿಯಲ್ಲಿ ಕೂಡಿದ್ದ ಕಾಫಿಯ ಹನಿ ಬೀಳದೆ ಅಲ್ಲೇ ನಿಂತಿತು.