ವೇಣಿ ಹಿಡಿದ ಹಗ್ಗ

ನನ್ನ ಬಲಗೈ ಸರಿಹೋಗಿದೆ ಎಂದು ಡಾಕ್ಟರು ಹೇಳಿ ತಿಂಗಳುಗಳೇ ಆಗಿದ್ದವು. ಕೈಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ಹೊಸೂರು ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಮುರಿದು, ಮತ್ತೆ ಕೂಡಿಕೊಂಡ ಮೇಲೆ ಅದು ಪೆನ್ನು ಹಿಡಿಯುತ್ತಿತ್ತು, ಸಾರಿಗೆ ಉಪ್ಪು ಹಾಕುತ್ತಿತ್ತು. ಭಾರ ಅಂದರೆ ಸಾಕು, ಬೆರಳುಗಳು ಸೋತುಬಿಡುತ್ತಿದ್ದವು. ಬೊಮ್ಮಸಂದ್ರದ ನಮ್ಮ ಔಷಧಿ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ನಾನು ಎಡಗೈಯಿಂದ ತಟ್ಟೆ ಎತ್ತುವುದನ್ನು ನೋಡಿ ಯಾರಾದರೂ ಅಯ್ಯೋ ಪಾಪ ಅಂದರೆ ಮೈಯೆಲ್ಲ ಉರಿಯುತ್ತಿತ್ತು.

ಪಾಪ ಅನ್ನದವಳು ವೇಣಿ ಒಬ್ಬಳೇ. ನಮ್ಮ ಸ್ಟೋರ್ಸ್ ವಿಭಾಗದವಳು, ವರ್ತೂರಿನ ಹಳೇ ಮನೆತನದ ಹೆಣ್ಣು. ಕಾಲೇಜಿನ ದಿನಗಳಿಂದಲೂ ಬಂಡೆ ಹತ್ತುವ ಹುಚ್ಚು ಅವಳಿಗೆ. ಭಾನುವಾರ ಬಾ, ನಿನ್ನ ಕೈ ಏನನ್ನುತ್ತೋ ನೋಡೇಬಿಡೋಣ ಎಂದಳು. ದಾವಣಗೆರೆಯಲ್ಲಿ ಬೆಳೆದ ನಾನು ಮನೆಯ ಅಟ್ಟ ಬಿಟ್ಟರೆ ಬೇರೇನೂ ಹತ್ತಿದವಳಲ್ಲ. ಆದರೂ ಹೊರಟೆ. ಈ ಕೈ ನನ್ನ ಭಾರ ಹಿಡಿಯುತ್ತದೋ ಇಲ್ಲವೋ, ಅದೊಂದು ಗೊತ್ತಾಗಬೇಕಿತ್ತು.

ಬಂಡೆ ರಾಮನಗರದ ಆಚೆ. ವೇಣಿ ಮೊದಲು ಅರ್ಧದವರೆಗೆ ಹತ್ತಿ, ಅಲ್ಲಿ ತನ್ನನ್ನು ಬಂಡೆಗೆ ಭದ್ರವಾಗಿ ಕಟ್ಟಿಕೊಂಡು, ಆಮೇಲೆ ನನ್ನನ್ನು ಕರೆದಳು. ಹಗ್ಗದ ಒಂದು ತುದಿ ನನ್ನ ಸೊಂಟದ ಪಟ್ಟಿಯಲ್ಲಿ, ಇನ್ನೊಂದು ಅವಳ ಹತ್ತಿರ. ಅವಳು ಕೊಡಿಸಿದ್ದ ರಬ್ಬರ್ ಶೂ ಬಂಡೆಗೆ ಚೆನ್ನಾಗಿ ಕಚ್ಚಿಕೊಂಡವು. ಮೊದಲರ್ಧವನ್ನು ಬಲಗೈಗೆ ಕೆಲಸವೇ ಕೊಡದೆ ಮುಗಿಸಿದೆ. ಅದು ಕಳ್ಳಾಟ ಅಂತ ನನಗೂ ಗೊತ್ತಿತ್ತು.

ವೇಣಿ ಕಾಯುತ್ತಿದ್ದದ್ದು ನಡುವಿನ ಕಟ್ಟೆಯಂಥ ಜಾಗವೊಂದರಲ್ಲಿ. ಅಲ್ಲಿ ಗುಂಡುಕಲ್ಲೊಂದಕ್ಕೆ ವಿಭೂತಿ ಬಳಿದು ಎಕ್ಕದ ಹೂವಿಟ್ಟಿದ್ದರು. ಕುರಿ ಕಾಯುವವರು ಪಕ್ಕದ ಕಾಲುದಾರಿಯಿಂದ ಬಂದು ಪೂಜೆ ಮಾಡುತ್ತಾರಂತೆ. ವಿಭೂತಿ ಕಂಡದ್ದೇ ತಡ, ಎಲ್ಲಿದ್ದೇನೆ ಅನ್ನುವುದನ್ನೂ ಮರೆತು ಶೂ ಕಳಚಿ ಪಕ್ಕಕ್ಕಿಟ್ಟು, ಕಣ್ಣುಮುಚ್ಚಿ ಕೈಮುಗಿದೆ. ಕಣ್ಣು ಬಿಟ್ಟಾಗ ಒಂದು ಶೂ ಇಳಿಜಾರಿನಲ್ಲಿ ಹೋಗುತ್ತಿತ್ತು. ಎಷ್ಟು ನೆಮ್ಮದಿಯಾಗಿ ಹೋಯಿತು ಅಂತೀರಿ, ಸಂಜೆ ವಾಕಿಂಗ್ ಹೊರಟ ಹಾಗೆ.

ಬೈಗುಳಕ್ಕೆ ಸಿದ್ಧಳಾದೆ. ವೇಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸಾಕಾದ ಮೇಲೆ, ಕಾಲುದಾರಿಯಲ್ಲಿ ಇಳಿದುಬಿಡಬಹುದು, ಇಲ್ಲವೇ ನೀನು ಬರಿಗಾಲಲ್ಲಿ ಹತ್ತಬಹುದು, ಆದರೆ ಇನ್ನು ಎರಡು ಕೈಗೂ ಕೆಲಸವಿದೆ ಎಂದಳು. ಇಳಿಯಲು ಅಷ್ಟು ಒಳ್ಳೆಯ ನೆಪ ಸಿಕ್ಕಿದ್ದಕ್ಕೇ ನನಗೆ ಸಿಟ್ಟು ಬಂತು. ನೀನು ಮುಂದೆ ಹತ್ತು ಎಂದೆ.

ಅವಳು ಮೇಲೆ ಹೋಗಿ ಮರೆಯಾದಳು. ಹಗ್ಗದ ಹಿಂದೆ ನಾನೂ ಹೊರಟೆ. ಸ್ವಲ್ಪ ದೂರದಲ್ಲೇ ಬೆವರಿದ ಪಾದ ಜಾರಿತು. ಬಲಗೈ ಬಂಡೆಯ ಅಂಚನ್ನು ಹಿಡಿಯಿತು. ಒಂದು ಕ್ಷಣ ಹಿಡಿದೇ ಇತ್ತು, ಆಮೇಲೆ ಬೆರಳುಗಳು ಒಂದೊಂದಾಗಿ ಬಿಟ್ಟವು. ಬಿದ್ದೆ. ಗೇಣುದ್ದ ಮಾತ್ರ. ಹಗ್ಗ ಬಿಗಿಯಾಗಿ ನನ್ನನ್ನು ನಿಲ್ಲಿಸಿತು.

ಗೊತ್ತಾಗಬೇಕಾದದ್ದು ಗೊತ್ತಾಗಿತ್ತು. ಬಂಡೆಗೆ ಕೆನ್ನೆ ಒತ್ತಿ ಅತ್ತೆ. ಬೇಗ ಬಾ ಅನ್ನುವ ಮಾತು ಮೇಲಿನಿಂದ ಬರಲಿಲ್ಲ, ಧೈರ್ಯ ತಂದುಕೋ ಅನ್ನುವ ಉಪದೇಶವೂ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಅವಳ ದನಿ ಕೇಳಿಸಿತು.

“ಇಲ್ಲೇ ಇದೀನಿ ಕಣೇ ಉಮಾ. ನಿಧಾನ.”

ಅತ್ತು ಸಾಕಾಯಿತು. ಬಲಗೈಯನ್ನು ಬೈಯುವುದು ಬಿಟ್ಟು, ಅದರಿಂದ ಆದಷ್ಟನ್ನೇ ಕೇಳಿ, ಉಳಿದದ್ದನ್ನು ಎಡಗೈಗೂ ಪಾದಗಳಿಗೂ ಹಂಚಿ ಮೇಲೆ ಹೋದೆ. ಮಂಡಿ ತರಚಿತು. ಕೂದಲೆಲ್ಲ ಬಾಯಿಗೆ ಬಂತು. ತುದಿ ಮುಟ್ಟಿ ಅವಳ ಪಕ್ಕದಲ್ಲಿ ಕುಸಿದು ಕೂತೆ.

“ಕೈ ಹಿಡೀಲಿಲ್ಲ ವೇಣಿ,” ಎಂದೆ.

“ಗೊತ್ತು. ನಿನ್ ಭಾರ ಪೂರ್ತಿ ನನ್ ಹತ್ರಾನೇ ಇತ್ತಲ್ಲ,” ಎಂದಳು. “ಏನ್ ಮಹಾ ಭಾರ ಇಲ್ಲ ಬಿಡು.”

ಆ ಮಾತಿಗೆ ಇಷ್ಟು ದಿನ ಕಾದಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ. ನೋಯುತ್ತಿದ್ದ ಬಲಗೈಯನ್ನು ಅವಳ ಮಡಿಲಲ್ಲಿಟ್ಟೆ. ಅವಳು ಅದನ್ನು ಅಲ್ಲೇ ಇಟ್ಟುಕೊಂಡಳು.