ಭಾಗ್ಯಮ್ಮನಿಗೆ ಹೇಳಿದ್ದು

ಹಾರ ಹಿಡಿದು ಪ್ರೀತಿ ನುಸುಳುತ್ತಿದ್ದಳು. ಯಾರೂ ದಾರಿ ಬಿಡುತ್ತಿರಲಿಲ್ಲ. ಕುಂಬಾರಕೊಪ್ಪಲಿನ ಆ ಗಲ್ಲಿಯ ತುಂಬ ಹೆಂಗಸರು. ನರ್ಸ್ ಭಾಗ್ಯಮ್ಮನಿಗೆ ಇಷ್ಟೊಂದು ನೆಂಟರೇ ಎಂದುಕೊಂಡವಳಿಗೆ ಹತ್ತಿರ ಹೋದಂತೆ ಗುರುತು ಸಿಕ್ಕಿತು. ಎಲ್ಲ ಮನೋರೋಗ ಕ್ಲಿನಿಕ್ಕಿಗೆ ಬರುವವರು. ಆಪ್ತಸಮಾಲೋಚಕಿಯಾಗಿ ಎಂಟು ವರ್ಷ ಅವಳೇ ಕೂರಿಸಿ ಮಾತಾಡಿಸಿದವರು. ಅವಳ ಕೋಣೆಯಲ್ಲಿ ಇವರು ಹೀಗೆ ಮನಸ್ಸು ಬಿಚ್ಚಿ ಅತ್ತದ್ದೇ ಇಲ್ಲ. ಸತ್ತವಳ ಮೇಲೂ ಪ್ರೀತಿಗೆ ಹೊಟ್ಟೆ ಉರಿಯಿತು.

ಹೆಣದ ಕಾಲ ಬಳಿ ಬಿಂದು ಕೂತಿದ್ದಳು. ಒಂದೇ ಸಲ ಬಂದು ಮತ್ತೆ ಪ್ರೀತಿಯ ಕೋಣೆಗೆ ಕಾಲಿಡದವಳು.

"ನನ್ ಹತ್ರ ಯಾಕಮ್ಮ ಆಮೇಲೆ ಬರ್ಲಿಲ್ಲ?"

*

ಅವತ್ತು ಬಿಂದುವಿನ ಗಂಡ ಪಕ್ಕದ ಕುರ್ಚಿಯಲ್ಲೇ ಇದ್ದ. ಮನೆಯಲ್ಲಿ ಹೊಡೆತ ಬಡಿತ ಏನಾದರೂ ಉಂಟೇ ಎಂದು ಪ್ರೀತಿ ಫಾರಮ್ಮಿನಲ್ಲಿದ್ದ ಹಾಗೇ ಕೇಳಿದಳು. ಇಲ್ಲ ಎಂದಳು ಬಿಂದು. ನಿದ್ದೆಯ ತೊಂದರೆ ಎಂದು ಪ್ರೀತಿ ಬರೆದುಕೊಂಡಳು.

ಆಚೆ ಭಾಗ್ಯಮ್ಮ ಬಿ.ಪಿ. ನೋಡಬೇಕೆಂದು ಬಿಂದುವನ್ನು ಪರದೆಯ ಹಿಂದೆ ಕರೆದೊಯ್ದಳು, ಗಂಡಸರು ಬರುವಂತಿಲ್ಲ. ಪಟ್ಟಿ ಸುತ್ತಲು ರವಿಕೆಯ ತೋಳು ಏರಿಸಲೇಬೇಕು, ಏರಿಸಿದರೆ ಕಾಣುವುದೆಲ್ಲ ಕಾಣುತ್ತದೆ. ಇಪ್ಪತ್ತು ನಿಮಿಷವಾದರೂ ಆ ಬಿ.ಪಿ. ಮುಗಿಯಲಿಲ್ಲ. ಒಬ್ಬೊಬ್ಬರಿಗೆ ಇಷ್ಟು ಹೊತ್ತೇ ಎಂದು ಪ್ರೀತಿ ಡಾಕ್ಟರಿಗೆ ದೂರು ಹೇಳಿದ್ದಳು.

*

ಬಿಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಅವ್ನ ಮುಂದೇನೇ ಕೇಳ್ಬುಟ್ರಲ್ಲ ಮೇಡಂ. ನೀನೇ ಏನೋ ಹೇಳಿರ್ಬೇಕು ಅಂತ ಮನೇಗೋಗಿ ಬಡ್ದ. ಭಾಗ್ಯಕ್ಕಂಗೆ ಹೇಳ್ದೆ. ಮೇಡಮ್ಗೆ ಹೇಳ್ಬೇಡ ಕಣೇ, ನೊಂದ್ಕೋತಾರೆ ಅಂದ್ರು."

ಬೈದಿದ್ದರೂ ವಾಸಿಯಿತ್ತು. ಭಾಗ್ಯಮ್ಮ ಪ್ರೀತಿಯನ್ನೂ ತನ್ನ ರೋಗಿಗಳ ಸಾಲಿಗೆ ಸೇರಿಸಿಕೊಂಡಿದ್ದಳು.

ಚಟ್ಟ ಎತ್ತುವ ಹೊತ್ತಿಗೆ ಒಬ್ಬಳು ಗಂಡನ ಹಿಂದೆ ಬಂದಳು. ತಲೆನೋವಿಗೆ ತೋರಿಸಲು ಹೋದರೆ ಕ್ಲಿನಿಕ್ಕಿಗೆ ಬೀಗವಂತೆ. ಸಿಸ್ಟರ್ ಮುಖವನ್ನಾದರೂ ನೋಡುತ್ತೇನೆಂದು ಇವಳು ಹಟ ಹಿಡಿದಳಂತೆ. ಗಂಡ ಹೇಳುತ್ತಿದ್ದ, ಅವಳು ನೆಲ ನೋಡುತ್ತಿದ್ದಳು. ಪ್ರೀತಿ ಮುಂದೆ ಹೋಗಿ ಕೈ ಚಾಚಿದಳು. ಆ ಹೆಂಗಸಿನ ಕಣ್ಣು ಅವಳನ್ನು ದಾಟಿ ಬಿಂದುವಿನ ಮೇಲೆ ನಿಂತಿತು.

ಚಾಚಿದ ಕೈಯನ್ನು ಪ್ರೀತಿ ಚಟ್ಟದ ಕಡೆ ತಿರುಗಿಸಿದಳು. "ಒಂದು ಹೆಗಲು ಕಡ್ಮೆ ಇದೆ ಸಾರ್. ಬನ್ನಿ."

ಹೆಣಕ್ಕೆ ಹೆಗಲು ಕೇಳಿದರೆ ಯಾವ ಗಂಡಸೂ ಒಲ್ಲೆ ಎನ್ನಲಾರ. ಆತ ಚಪ್ಪಲಿ ಬಿಟ್ಟು ಹೆಗಲು ಕೊಟ್ಟ. ಭಾಗ್ಯಮ್ಮ ಅವನನ್ನು ಕರೆದುಕೊಂಡು ತಿರುವು ದಾಟಿದಳು.

ಹೆಂಗಸರು ಹಿಂದೆ ಉಳಿದರು. ಜಗಲಿಯ ಮೇಲೆ ತಲೆನೋವಿನವಳು ಬಿಂದುವಿಗೆ ಒತ್ತಿ ಕೂತು ಮೆಲ್ಲಗೆ ಮಾತು ತೆಗೆದಳು. ಪ್ರೀತಿ ಗಲ್ಲಿಯ ಬಾಯಿಗೆ ಹೋಗಿ, ಅವರಿಗೆ ಬೆನ್ನು ಹಾಕಿ, ಗಂಡಸರು ವಾಪಸು ಬರುವ ದಾರಿ ಕಾಯುತ್ತ ನಿಂತಳು. ಕಿವಿ ಮಾತ್ರ ಜಗಲಿಯ ಕಡೆಗೇ ಇತ್ತು.